ಸ್ಕೌಟ್ ದಳದ ಬೇಸಿಗೆ ಹೈಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಹೊಸ ಸ್ಕೌಟ್ ಮಾಸ್ಟರುಗಳು, ಗೈಡ್ ಕ್ಯಾಪ್ಟನ್ನರು ಮತ್ತು ಮಕ್ಕಳ ತಂದೆತಾಯಂದಿರು ಕೇಳುವ ಪ್ರಶ್ನೆಗಳು ಇವು. ಕೆಲವು ತರಬೇತಿ ಶಿಬಿರದ ಊಟದ ಪಂಕ್ತಿಯಲ್ಲಿ ಬಂದವು, ಕೆಲವು ಪತ್ರಗಳಲ್ಲಿ, ಇನ್ನು ಕೆಲವು ಬಸ್ಸು ಹೊರಡುವ ಹಿಂದಿನ ರಾತ್ರಿ ಫೋನಿನಲ್ಲಿ. ಉತ್ತರಗಳನ್ನು ಬೆಂಗಳೂರು, ರಾಮನಗರ, ಚಿಕ್ಕಬಳ್ಳಾಪುರ, ತುಮಕೂರು ಸುತ್ತಲಿನ ಬಂಡೆಗುಡ್ಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮಲೆನಾಡಿಗೆ ಹೊರಟವರಿಗೆ ಕೊನೆಯ ಭಾಗದಲ್ಲಿ ಬೇರೆಯೇ ಮಾತಿದೆ.

## ಹೊರಡುವ ತೀರ್ಮಾನಕ್ಕೆ ಮುಂಚೆ

ಸುಡುಬಿಸಿಲಿನಲ್ಲಿ ಮಕ್ಕಳನ್ನು ಬೆಟ್ಟ ಹತ್ತಿಸುವುದು ಸರಿಯೇ ಸರ್? ಡಿಸೆಂಬರ್‌ನಲ್ಲಿ ಹೋದರೆ ಆಗದೇ?

ಡಿಸೆಂಬರ್ ಉತ್ತಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಗ ಶಾಲೆಯಲ್ಲಿ ಕ್ರೀಡಾಕೂಟ, ವಾರ್ಷಿಕೋತ್ಸವ, ಪರೀಕ್ಷೆ ಎಲ್ಲವೂ ಸಾಲುಗಟ್ಟಿರುತ್ತವೆ. ಮಕ್ಕಳಿಗೂ ನಮಗೂ ಒಟ್ಟಿಗೆ ಬಿಡುವು ಸಿಗುವುದು ಏಪ್ರಿಲ್ ಮೇ ತಿಂಗಳಲ್ಲೇ. ಬೇಸಿಗೆ ಹೈಕ್ ಮಾಡಬಹುದು, ಒಂದು ಷರತ್ತಿನ ಮೇಲೆ: ಬೆಳಿಗ್ಗೆ ಹತ್ತೂವರೆಯೊಳಗೆ ಕೊನೆಯ ಮಗುವೂ ಬೆಟ್ಟದ ಬುಡದ ನೆರಳಿಗೆ ಬಂದು ಕೂತಿರಬೇಕು. ನಮ್ಮ ಕಡೆಯ ಗುಡ್ಡಗಳೆಲ್ಲ ಬೋಳು ಗ್ರಾನೈಟ್. ಹನ್ನೊಂದರ ಹೊತ್ತಿಗೆ ಮೇಲಿನಿಂದ ಬಿಸಿಲು, ಕೆಳಗಿನಿಂದ ಬಂಡೆಯ ಕಾವು, ಎರಡೂ ಸೇರಿ ಹೊಡೆಯುತ್ತವೆ. ಈ ಪುಟದ ಎಲ್ಲ ಉತ್ತರಗಳೂ ಆ ಗಡುವಿನ ಸುತ್ತಲೇ ಸುತ್ತುತ್ತವೆ.

ಕಲಬುರಗಿ, ರಾಯಚೂರು, ವಿಜಯಪುರದ ದಳಗಳಿಗೆ ಈ ಗಡುವೂ ತಡವೇ. ಅಲ್ಲಿ ತಾಪಮಾನ ನಲವತ್ತು ಡಿಗ್ರಿ ದಾಟುವ ವಾರಗಳಲ್ಲಿ ಹೈಕ್ ಬೇಡವೇ ಬೇಡ. ಶಾಲೆಯ ಮರದಡಿ ಗಂಟು ಹಾಕುವುದನ್ನೂ ನಕ್ಷೆ ಓದುವುದನ್ನೂ ಕಲಿಸಿ, ಚಳಿಗಾಲ ಕಾಯಿರಿ.

ನನ್ನ ಮಗ ಇನ್ನೂ ಕಬ್. ಅಣ್ಣನ ಜೊತೆ ಅವನನ್ನೂ ಕಳಿಸಲೇ?

ಬೇಡಮ್ಮ. ಹತ್ತು ವರ್ಷ ತುಂಬಿ ಸ್ಕೌಟ್ ಅಥವಾ ಗೈಡ್ ವಿಭಾಗಕ್ಕೆ ಬಂದ ಮೇಲೆ ಈ ಬಗೆಯ ಹೈಕ್. ಅದಕ್ಕಿಂತ ಚಿಕ್ಕವರಾದ ಕಬ್ (ಹುಡುಗರು) ಮತ್ತು ಬುಲ್‌ಬುಲ್ (ಹುಡುಗಿಯರು) ಮಕ್ಕಳಿಗೆ ಕೆರೆ ಏರಿಯ ಮೇಲೆ, ತೋಪಿನಲ್ಲಿ, ಲಾಲ್‌ಬಾಗಿನಂಥ ಕಡೆ ಬೆಳಗಿನ ಒಂದೂವರೆ ಗಂಟೆಯ ನಡಿಗೆ ಸಾಕು. ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ, ಮತ್ತು ತಲೆ ಸುತ್ತುತ್ತಿದೆ ಎಂದು ಬಾಯಿಬಿಟ್ಟು ಹೇಳುವುದು ಅವರಿಗೆ ಇನ್ನೂ ತಿಳಿಯದು.

ಮೊದಲ ಸಲಕ್ಕೆ ಯಾವ ಬೆಟ್ಟ ಒಳ್ಳೆಯದು?

ನೀವು ಸ್ವತಃ ಹತ್ತಿ ಇಳಿದಿರುವ ಬೆಟ್ಟ. ಉಳಿದದ್ದೆಲ್ಲ ಆಮೇಲೆ.

ಹೊಸಬರಿಗೆ ನಾನು ಹೇಳುವುದು ದೊಡ್ಡಬಳ್ಳಾಪುರದ ಕಡೆ. ಅಲ್ಲಿನ ಡಾ. ಆನಿಬೆಸೆಂಟ್ ಪಾರ್ಕ್ ರಾಜ್ಯ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ತರಬೇತಿ ಕೇಂದ್ರ. ಹಿಂದಿನ ಸಂಜೆಯೇ ಅಲ್ಲಿಗೆ ಹೋಗಿ ತಂಗಿದರೆ ಬೆಳಗಿನ ಜಾವ ಹೊರಡುವುದು ಸುಲಭ. ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಮಾಕಳಿದುರ್ಗ ಇದೆ: ಹಳೆಯ ಕೋಟೆ, ತುದಿಯಲ್ಲಿ ಶಿವನ ಗುಡಿ, ನಂದಿ. ಅಲ್ಲಿ ರೈಲು ಹಳಿಯ ಮೇಲೆ ನಡೆದು ಹೋಗುವ ಕೆಟ್ಟ ಅಭ್ಯಾಸ ಎಷ್ಟೋ ಜನರಿಗಿದೆ. ನಮ್ಮ ಮಕ್ಕಳು ಹಳಿ ದಾಟುವಾಗ ಮಾತ್ರ ಅದರ ಮೇಲೆ ಕಾಲಿಡಬೇಕು, ಅದೂ ಹಿರಿಯರು ಎರಡೂ ಬದಿ ನಿಂತು ನೋಡಿದ ಮೇಲೆ.

ಶಿವಗಂಗೆಗೆ ಮೆಟ್ಟಿಲುಗಳಿವೆ, ಅಂಗಡಿಗಳಿವೆ, ಜನವಿದೆ. ದಾರಿ ತಪ್ಪುವ ಭಯವಿಲ್ಲ, ಕಾಡಿನ ಅನುಭವವೂ ಇಲ್ಲ. ಸಾವನದುರ್ಗ 1,226 ಮೀಟರ್ ಎತ್ತರದ ಏಕಶಿಲೆ. ಬಂಡೆಯ ಮೇಲೆ ಬಳಿದ ಬಾಣದ ಗುರುತುಗಳನ್ನು ಹಿಡಿದು ಹತ್ತಬೇಕು, ಒಂದೆರಡು ತಪ್ಪಿದರೆ ಇಳಿಜಾರಿನ ಅಂಚಿಗೆ ಹೋಗಿ ನಿಲ್ಲುತ್ತೀರಿ. ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ದಾವಣಗೆರೆ, ಹರಿಹರದ ಕಡೆಯವರಿಗೆ ಕೊಂಡಜ್ಜಿ ಇದೆ. ಅಲ್ಲಿ ಕೆರೆಯೂ ಇದೆ, ಕುರುಚಲು ಕಾಡೂ ಇದೆ, ಸ್ಕೌಟ್ ಶಿಬಿರ ಕೇಂದ್ರವೂ ಇದೆ.

ಯಾರ ಯಾರ ಅನುಮತಿ ತೆಗೆದುಕೊಳ್ಳಬೇಕು?

ಮೂರು ಕಡೆಯದು. ಮೊದಲನೆಯದು ಶಾಲೆ ಮತ್ತು ನಿಮ್ಮ ಸ್ಥಳೀಯ ಅಥವಾ ಜಿಲ್ಲಾ ಸ್ಕೌಟ್ ಸಂಸ್ಥೆ. ಎರಡನೆಯದು ಪ್ರತಿ ಮಗುವಿನ ಪೋಷಕರ ಸಹಿ. ಆ ಪತ್ರದಲ್ಲಿ ಆಸ್ತಮಾ, ಫಿಟ್ಸ್, ಅಲರ್ಜಿ, ಈಗ ತೆಗೆದುಕೊಳ್ಳುತ್ತಿರುವ ಔಷಧಿ, ಎರಡು ಫೋನ್ ಸಂಖ್ಯೆ ಇರಲೇಬೇಕು. "ನನ್ನ ಮಗ ಆರೋಗ್ಯವಾಗಿದ್ದಾನೆ" ಎಂಬ ಒಂದೇ ಸಾಲಿನ ಪತ್ರವನ್ನು ವಾಪಸ್ ಕಳಿಸಿ. ಮೂರನೆಯದು ಅರಣ್ಯ ಇಲಾಖೆ. ಹೆಸರಾದ ಚಾರಣ ಹಾದಿಗಳಿಗೆ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸಬೇಕು. ಶಾಲಾ ಮಕ್ಕಳ ದೊಡ್ಡ ಗುಂಪಾದರೆ ವಲಯ ಅರಣ್ಯಾಧಿಕಾರಿಗೆ ಪತ್ರ ಬರೆದು, ಸಾಧ್ಯವಾದರೆ ಮುಖತಃ ಭೇಟಿಯಾಗಿ. ಕಾಳ್ಗಿಚ್ಚಿನ ಭಯದಿಂದ ಬೇಸಿಗೆಯಲ್ಲಿ ಹಲವು ಹಾದಿಗಳನ್ನು ಮುಚ್ಚುತ್ತಾರೆ. ಬಸ್ಸಿಗೆ ಮುಂಗಡ ಕೊಡುವ ಮೊದಲೇ ಇದನ್ನು ವಿಚಾರಿಸಿ. ಆ ಭೇಟಿಯಲ್ಲಿ ಇನ್ನೊಂದು ಲಾಭವಿದೆ: ಆನೆ ಬಂದಿದೆಯೇ, ಕರಡಿ ಓಡಾಡುತ್ತಿದೆಯೇ ಎನ್ನುವುದು ಅಲ್ಲಿನ ಗಾರ್ಡ್‌ಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿರುವುದಿಲ್ಲ.

ಮೂವತ್ತು ಮಕ್ಕಳಿಗೆ ನಾನೊಬ್ಬನೇ ಸಾಲುತ್ತೇನೆಯೇ?

ಖಂಡಿತ ಸಾಲುವುದಿಲ್ಲ. ಒಂದು ಪಟ್ರೋಲ್‌ಗೆ, ಅಂದರೆ ಆರರಿಂದ ಎಂಟು ಮಕ್ಕಳಿಗೆ, ಒಬ್ಬ ಹಿರಿಯರಂತೆ ಲೆಕ್ಕ ಹಾಕುತ್ತೇನೆ. ದಳ ಎಷ್ಟೇ ಚಿಕ್ಕದಿರಲಿ, ಇಬ್ಬರಿಗಿಂತ ಕಡಿಮೆ ಬೇಡ. ಒಬ್ಬರು ಗಾಯಗೊಂಡ ಮಗುವಿನ ಜೊತೆ ಇಳಿದರೆ ಉಳಿದವರ ಜೊತೆ ಯಾರಿರುತ್ತಾರೆ? ಹಿರಿಯ ವಿಭಾಗದ ಯುವಕ ಯುವತಿಯರಾದ ರೋವರ್ ರೇಂಜರ್‌ಗಳನ್ನು ಕರೆಯಿರಿ, ಅವರಿಗೆ ಇಂಥ ಹೊಣೆ ಇಷ್ಟ. ಗೈಡ್ ಹುಡುಗಿಯರಿದ್ದರೆ ಮಹಿಳಾ ನಾಯಕಿ ಇರಲೇಬೇಕು. ಇವರೆಲ್ಲರ ಹೊರತಾಗಿ ಒಬ್ಬರು ಬುಡದಲ್ಲಿ, ವಾಹನದ ಹತ್ತಿರ, ಹೆಸರಿನ ಪಟ್ಟಿ ಹಿಡಿದು ಕಾಯುತ್ತಿರಬೇಕು.

## ಲೆಕ್ಕ ಮತ್ತು ಸಾಮಾನು

ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲೇ ಹೇಗೆ ತಿಳಿಯುವುದು?

ನಕ್ಷೆಯಿಂದ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು, ಸಾಮಾನ್ಯವಾಗಿ ಇಪ್ಪತ್ತು ಮೀಟರಿಗೊಂದು. ಮಕ್ಕಳನ್ನೇ ಕೂರಿಸಿ ದಾರಿಯ ಮೇಲೆ ದಾರ ಇಟ್ಟು ಅಳೆಸಿ, ರೇಖೆಗಳನ್ನು ಎಣಿಸಿ.

ಹೋಗಿ ಬರಲು ಆರು ಕಿಲೋಮೀಟರ್, ದಾರಿ ದಾಟುವ ರೇಖೆಗಳು ಹದಿನೈದು, ಅಂದರೆ ಮುನ್ನೂರು ಮೀಟರ್ ಏರು ಎಂದಿಟ್ಟುಕೊಳ್ಳಿ. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಯ್‌ಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 72 ನಿಮಿಷ ನಡಿಗೆ, 30 ನಿಮಿಷ ಏರು, ಒಟ್ಟು 102 ನಿಮಿಷ. ಇದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಮಕ್ಕಳ ದಳಕ್ಕೆ ಎರಡರಿಂದ ಗುಣಿಸಿ: ಮೂರು ಗಂಟೆ ಇಪ್ಪತ್ತನಾಲ್ಕು ನಿಮಿಷ. ತುದಿಯಲ್ಲಿ ಅರ್ಧ ಗಂಟೆ ಸೇರಿಸಿದರೆ ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ. ಆರಕ್ಕೆ ಹೊರಟರೆ ಹತ್ತಕ್ಕೆ ಕೆಳಗೆ. ಏಳೂವರೆಗೆ ಹೊರಟರೆ ಹನ್ನೊಂದೂವರೆ, ಅಂದರೆ ಆ ದಿನದ ಹೈಕ್ ಬೇಡ.

ಈ ಲೆಕ್ಕವನ್ನು ಪೋಷಕರ ಸಭೆಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿ. "ನಾಲ್ಕೂವರೆಗೆ ಮಗುವನ್ನು ಎಬ್ಬಿಸಬೇಕೇ" ಎಂಬ ಗೊಣಗಾಟ ಅಲ್ಲಿಗೇ ನಿಲ್ಲುತ್ತದೆ.

ನೀರು ಎಷ್ಟು? ಒಂದು ಬಾಟಲಿ ಸಾಕಲ್ಲವೇ?

ಒಬ್ಬೊಬ್ಬರಿಗೆ ಎರಡು ಲೀಟರ್, ಒಂದೊಂದು ಲೀಟರಿನ ಎರಡು ಬಾಟಲಿಯಲ್ಲಿ. ಒಂದು ಸೋರಿದರೂ ಇನ್ನೊಂದಿರುತ್ತದೆ. ಜೊತೆಗೆ ಪ್ರತಿ ಹಿರಿಯರ ಚೀಲದಲ್ಲಿ ಒಂದು ಲೀಟರ್ ಹೆಚ್ಚುವರಿ, ಬುಡದಲ್ಲಿ ದೊಡ್ಡ ಕ್ಯಾನ್. ಬೆಟ್ಟದ ಮೇಲಿನ ದೊಣೆಯ ನೀರನ್ನು ನಂಬಿ ಹೋಗಬೇಡಿ. ಬೇಸಿಗೆಯಲ್ಲಿ ಅದು ಒಣಗಿರುತ್ತದೆ ಇಲ್ಲವೇ ಹಸಿರುಗಟ್ಟಿರುತ್ತದೆ.

ಬಾಯಾರಿಕೆ ಆಗುವವರೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ ಎಲ್ಲರಿಗೂ ನಾಲ್ಕು ಗುಟುಕು ಕುಡಿಸಿ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಒಂದು ಬಾಟಲಿಗೆ ನಿಂಬೆರಸ, ಸಕ್ಕರೆ, ಚಿಟಿಕೆ ಉಪ್ಪು ಹಾಕಿಸಿ. ಓಆರ್‌ಎಸ್ ಪೊಟ್ಟಣಗಳನ್ನು ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿಡಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು, ಕಣ್ಣಳತೆಯಲ್ಲಿ ಅಲ್ಲ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಊಟಕ್ಕೆ ಏನು ಕಟ್ಟಿಕೊಡಲಿ? ಮೊಸರನ್ನ ತಂಪಲ್ಲವೇ?

ತಂಪೇ, ಆದರೆ ಬಿಸಿಲಲ್ಲಿ ಚೀಲದೊಳಗೆ ಹುಳಿಯಾಗುತ್ತದೆ. ಅದನ್ನು ಬುಡದಲ್ಲಿ ತಿನ್ನಲು ಇಟ್ಟುಕೊಳ್ಳಿ. ಬೆಟ್ಟಕ್ಕೆ ಪುಳಿಯೋಗರೆ, ಚಪಾತಿ ಜೊತೆ ಚಟ್ನಿಪುಡಿ, ಕಡಲೆಕಾಯಿ ಚಿಕ್ಕಿ, ಉಪ್ಪು ಸವರಿದ ಸೌತೆಕಾಯಿ. ತೆಂಗಿನಕಾಯಿ ಚಟ್ನಿ ಬೇಡ. ಸ್ಟೀಲ್ ಡಬ್ಬಿಯಲ್ಲಿ ಕಟ್ಟಿ, ಪ್ಲಾಸ್ಟಿಕ್ ಕವರ್ ಕಂಡರೆ ಕೋತಿಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ. ಹೊರಡುವ ಮುನ್ನ ಬಾಳೆಹಣ್ಣು, ಎರಡು ಇಡ್ಲಿ. ಖಾಲಿ ಹೊಟ್ಟೆಯಲ್ಲಿ ಯಾರೂ ಹತ್ತಬಾರದು.

ಸಮವಸ್ತ್ರದಲ್ಲೇ ಹೋಗಬೇಕೇ? ಶೂ ಹೊಸದು ಕೊಡಿಸಲೇ?

ಸ್ಕಾರ್ಫ್ ಮತ್ತು ಸೀಟಿ ಎಲ್ಲರಿಗೂ ಕಡ್ಡಾಯ. ಉಳಿದಂತೆ ಪೂರ್ತಿ ತೋಳಿನ ಸಡಿಲ ಹತ್ತಿ ಅಂಗಿ, ಉದ್ದ ಪ್ಯಾಂಟು, ಅಗಲ ಅಂಚಿನ ಟೋಪಿ. ಚಡ್ಡಿ ತೊಟ್ಟು ಮುಳ್ಳುಪೊದೆಯಲ್ಲಿ ನುಗ್ಗುವುದು ಬೇಡ. ಸ್ಕಾರ್ಫ್ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದನ್ನು ಮಕ್ಕಳು ಹೈಕ್‌ನಲ್ಲೇ ಕಲಿಯುವುದು: ಒದ್ದೆ ಮಾಡಿ ಕತ್ತಿಗೆ ಸುತ್ತಿದರೆ ತಂಪು, ಬಿಚ್ಚಿದರೆ ಮುರಿದ ಕೈಗೆ ಜೋಳಿಗೆ, ಮಡಿಸಿದರೆ ಉಳುಕಿದ ಕಾಲಿಗೆ ಪಟ್ಟಿ. ಹೊಸ ಶೂ ದಯವಿಟ್ಟು ಬೇಡ. ಕಾಲಿಗೆ ಪಳಗಿದ, ಅಡಿ ಸವೆಯದ ಶಾಲೆಯ ಕ್ಯಾನ್ವಾಸ್ ಶೂ ಒಣಬಂಡೆಯ ಮೇಲೆ ಚೆನ್ನಾಗಿ ಹಿಡಿಯುತ್ತದೆ.

ಅಲ್ಲೇ ಒಲೆ ಹೂಡಿ ಅಡುಗೆ ಮಾಡುವುದು ಸ್ಕೌಟ್ ಪದ್ಧತಿಯಲ್ಲವೇ?

ಪದ್ಧತಿ ಹೌದು, ಬೇಸಿಗೆಯ ಕಾಡಿನಲ್ಲಿ ಅಲ್ಲ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಕಾನೂನು ಹಾಗಿರಲಿ, ಏಪ್ರಿಲ್‌ನಲ್ಲಿ ಬಾದೆ ಹುಲ್ಲಿಗೆ ಒಂದು ಕಿಡಿ ಬಿದ್ದರೆ ಇಡೀ ಗುಡ್ಡ ಉರಿಯುತ್ತದೆ, ನೆಲದಲ್ಲಿ ಗೂಡು ಕಟ್ಟಿದ ಹಕ್ಕಿಯ ಮರಿ ಅಲ್ಲೇ ಬೇಯುತ್ತದೆ. ಸೋಪಾನ ಪರೀಕ್ಷೆಯ (ಸ್ಕೌಟ್ ಗೈಡ್‌ಗಳ ಹಂತ ಹಂತದ ಪರೀಕ್ಷೆ) ಅಡುಗೆಯನ್ನು ಶಿಬಿರದ ಮೈದಾನದಲ್ಲಿ ಮಾಡಿಸಿ. ದಾರಿಯಲ್ಲಿ ಎಲ್ಲಾದರೂ ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ, ದಳವನ್ನು ಗಾಳಿಗೆ ಎದುರಾಗಿ ಕೆಳಗಿಳಿಸಿ.

ಮೇಡಂ, ಅವತ್ತೇ ಮುಟ್ಟಾದರೆ ಏನು ಮಾಡಲಿ?

ಈ ಪ್ರಶ್ನೆಯನ್ನು ಹುಡುಗಿಯರು ನಮ್ಮ ಗೈಡ್ ಕ್ಯಾಪ್ಟನ್ ಅವರ ಕಿವಿಯಲ್ಲಿ ಕೇಳುತ್ತಾರೆ, ಉತ್ತರವನ್ನು ಎಲ್ಲರಿಗೂ ಬರೆಯುವುದು ನನಗೆ ಮುಖ್ಯ. ಹೊಟ್ಟೆನೋವು ತಡೆಯುವಂತಿದ್ದರೆ ಧಾರಾಳವಾಗಿ ಬನ್ನಿ. ಕ್ಯಾಪ್ಟನ್ ಚೀಲದಲ್ಲಿ ಪ್ಯಾಡ್, ಹಳೆಯ ಪತ್ರಿಕೆ, ಜಿಪ್ ಇರುವ ಕಪ್ಪು ಚೀಲ, ಸೋಪು ಇರುತ್ತವೆ. ಬಳಸಿದ್ದನ್ನು ಸುತ್ತಿ ಕೆಳಗೆ ತರಬೇಕು, ಬಂಡೆ ಸಂದಿಯಲ್ಲಿ ತುರುಕಬಾರದು. ಮೇಲೆ ಎರಡು ಸ್ಕಾರ್ಫ್ ಅಥವಾ ಒಂದು ಪಂಚೆ ಹಿಡಿದರೆ ಮರೆಯಾಗುತ್ತದೆ. ಮೂತ್ರಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದೆ ಇರುವ ಹುಡುಗಿಯರು ಪ್ರತಿ ದಳದಲ್ಲೂ ಇದ್ದಾರೆ. ಜಾಗ ಎಲ್ಲಿ, ಯಾರು ಕಾವಲು ಎಂಬುದನ್ನು ಹೊರಡುವ ಮೊದಲೇ ಹೇಳಿಬಿಟ್ಟರೆ ಅವರು ನಿಶ್ಚಿಂತೆಯಿಂದ ಕುಡಿಯುತ್ತಾರೆ.

## ದಾರಿಯಲ್ಲಿ

ಚುರುಕಾದ ಹುಡುಗರು ಮುಂದೆ ಓಡುತ್ತಾರೆ, ದಪ್ಪಗಿರುವವರು ಹಿಂದೆ ಉಳಿಯುತ್ತಾರೆ. ಏನು ಮಾಡುವುದು?

ನಿಧಾನ ನಡೆಯುವ ಮಗುವನ್ನು ಮುಂದಿನ ಸಾಲಿಗೆ ತನ್ನಿ. ಅವನ ಹೆಜ್ಜೆಯೇ ದಳದ ಹೆಜ್ಜೆ. ಅವನು ಹಿಂದಿದ್ದರೆ ನಡೆಯುವುದು ಹೀಗೆ: ಮುಂದಿನವರು ಹತ್ತು ನಿಮಿಷ ಕೂತು ಕಾಯುತ್ತಾರೆ, ಅವನು ಏದುಸಿರು ಬಿಡುತ್ತಾ ತಲುಪಿದ ಕೂಡಲೇ ಎದ್ದು ಹೊರಡುತ್ತಾರೆ. ಹೆಚ್ಚು ದಣಿದವನಿಗೇ ವಿಶ್ರಾಂತಿ ಇಲ್ಲ. ಚುರುಕಾದವರಿಗೆ ಕೆಲಸ ಕೊಡಿ: ಹೆಚ್ಚುವರಿ ನೀರು ಹೊರಲಿ, ಹಾದಿಗುರುತು ಹಾಕಲಿ. ತೀರ ಮುಂದೆ ಒಬ್ಬ ಹಿರಿಯರು, ತೀರ ಹಿಂದೆ ಒಬ್ಬರು. ಇವರಿಬ್ಬರ ನಡುವೆಯೇ ಎಲ್ಲರೂ. ಪ್ರತಿ ತಿರುವಿನಲ್ಲಿ ಸಂಖ್ಯೆ ಕೂಗಿಸಿ.

ಬಿಸಿಲು ಬಡಿದಿದೆ ಎಂದು ಗುರುತಿಸುವುದು ಹೇಗೆ?

ಮೊದಲು ಮಗು ಮಾತು ನಿಲ್ಲಿಸುತ್ತದೆ. ಅಲ್ಲಿಯವರೆಗೆ ಹಾಡುತ್ತಿದ್ದವನು ಸುಮ್ಮನಾದರೆ ಹತ್ತಿರ ಹೋಗಿ ಮುಖ ನೋಡಿ. ತಲೆನೋವು, ವಾಕರಿಕೆ, ಮೀನಖಂಡದ ಸೆಳೆತ, ಬಿಳಿಚಿದ ಮುಖ, ಧಾರಾಳ ಬೆವರು: ಇದು ಬಳಲಿಕೆಯ ಹಂತ. ನೆರಳಿಗೆ ತನ್ನಿ, ಮಲಗಿಸಿ ಕಾಲನ್ನು ಚೀಲದ ಮೇಲಿಡಿ, ಶೂ ಬಿಚ್ಚಿ, ಉಪ್ಪು ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿ. ಚೇತರಿಸಿಕೊಂಡರೂ ಆ ಮಗುವಿನ ಹತ್ತಾಟ ಅಂದಿಗೆ ಮುಗಿಯಿತು.

ಮಗು ತೊದಲಿದರೆ, ತಡಬಡಿಸಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ. ಮೈಯ ತಾಪ ನಲವತ್ತು ಡಿಗ್ರಿ ದಾಟಿರುತ್ತದೆ, ಮಿದುಳಿಗೆ ಪೆಟ್ಟು ಬೀಳುತ್ತಿರುತ್ತದೆ. ಬೆವರು ನಿಂತಿರಬೇಕೆಂದೇನೂ ಇಲ್ಲ; ನಡೆದು ದಣಿದ ಮಕ್ಕಳಲ್ಲಿ ಬೆವರುತ್ತಿರುವಾಗಲೂ ಆಗಬಹುದು. 108ಕ್ಕೆ ಕರೆ ಮಾಡಿಸಿ, ಅದರ ಜೊತೆಗೇ ಇದ್ದ ನೀರನ್ನೆಲ್ಲ ಮೈಮೇಲೆ ಸುರಿಯಿರಿ. ಅಂಗಿ ಬಿಚ್ಚಿ, ಸ್ಕಾರ್ಫ್‌ಗಳಿಂದ ಗಾಳಿ ಬೀಸಿ, ಕತ್ತು, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಕುಡಿಯುವ ನೀರು ಮುಗಿದುಹೋದೀತೆಂದು ಕೈ ಹಿಡಿಯಬೇಡಿ. ಪ್ರಜ್ಞೆ ಮಸುಕಾದ ಮಗುವಿನ ಬಾಯಿಗೆ ಮಾತ್ರ ಹನಿ ನೀರೂ ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಹೆಜ್ಜೇನು ಎದ್ದರೆ?

ಬಂಡೆಯ ಕಡಿದಾದ ಮುಖದಲ್ಲಿ ಕರೀ ತಟ್ಟೆಯಂತೆ ನೇತಾಡುವ ಹುಟ್ಟುಗಳನ್ನು ಕಂಡರೆ ಕಲ್ಲು ಬೇಡ, ಕೂಗು ಬೇಡ, ಹೊಗೆ ಬೇಡ. ದೂರದಿಂದ ಸುತ್ತಿ ಹೋಗಿ. ಆ ದಿನ ಯಾರೂ ಸೆಂಟು, ಘಮಘಮಿಸುವ ಎಣ್ಣೆ ಹಚ್ಚಿಕೊಂಡು ಬರಬಾರದು. ಎದ್ದೇಬಿಟ್ಟರೆ ಸ್ಕಾರ್ಫ್‌ನಿಂದ ಮುಖ ಕತ್ತು ಮುಚ್ಚಿ ಓಡಬೇಕು, ಕೈ ಬೀಸಬಾರದು. ಅಂಚಿನ ಕಡೆ ಓಡದಂತೆ ಹಿರಿಯರು ದಿಕ್ಕು ತೋರಿಸಬೇಕು. ಮುಳ್ಳನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ. ತುಟಿ ಊದಿದರೆ, ಉಸಿರು ಕಟ್ಟಿದರೆ, ಹಲವಾರು ಕಡೆ ಕುಟುಕಿದ್ದರೆ ನೇರವಾಗಿ ಆಸ್ಪತ್ರೆ.

ಬೇಸಿಗೆಯಲ್ಲಿ ಮಳೆಯ ಚಿಂತೆ ಏಕೆ?

ಅಶ್ವಿನಿ, ಭರಣಿ ಮಳೆ ಬರುವುದೇ ಗುಡುಗು ಸಿಡಿಲಿನೊಂದಿಗೆ, ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೇಗ ಇಳಿಯಲು ಇದು ಎರಡನೇ ಕಾರಣ. ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ಹಿರಿಯರ ಮೊಬೈಲಿನಲ್ಲಿರಲಿ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಅಪಾಯ ಹತ್ತಿರದಲ್ಲಿದೆ. ತುದಿ ಬಿಟ್ಟು ಇಳಿಯಿರಿ. ಒಂಟಿ ಮರ, ಕೋಟೆಯ ಬುರುಜು, ತೆರೆದ ಮಂಟಪ ಯಾವುದೂ ಆಸರೆಯಲ್ಲ. ಬಾಗಿಲು ಮುಚ್ಚಿದ ಬಸ್ಸು ಆಸರೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು.

ಹಾವು ಕಚ್ಚಿದರೆ ಮೇಲೆ ಬಿಗಿಯಾಗಿ ಕಟ್ಟಬೇಕಲ್ಲವೇ?

ಕಟ್ಟಬಾರದು, ಕೊಯ್ಯಬಾರದು, ಚೀಪಬಾರದು, ನಾಟಿ ಮದ್ದಿಗೆ ಹೊತ್ತು ಕಳೆಯಬಾರದು. ಕೈಗೆ ಕಾಲಿಗೆ ಹಾಕಿರುವ ದಾರ, ಬಳೆ, ಗಡಿಯಾರ ಬಿಚ್ಚಿ. ಮೂಳೆ ಮುರಿದಾಗಿನಂತೆ ಕಡಿತದ ಭಾಗಕ್ಕೆ ಕೋಲು ಇಟ್ಟು ಅಲುಗದಂತೆ ಮಾಡಿ, ಮಗುವನ್ನು ನಡೆಸದೆ ಹೊತ್ತು ತನ್ನಿ. ವಿಷನಿರೋಧಕ ಚುಚ್ಚುಮದ್ದೇ ಚಿಕಿತ್ಸೆ. ಅದು ಯಾವ ತಾಲ್ಲೂಕು ಆಸ್ಪತ್ರೆಯಲ್ಲಿದೆ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿಟ್ಟುಕೊಂಡಿರಿ. ಕೋಲಿನಿಂದ ನೆಲ ತಟ್ಟುತ್ತಾ ನಡೆದರೆ, ಕಾಣದ ಸಂದಿಗೆ ಕೈ ಹಾಕದಿದ್ದರೆ ಈ ಸಂದರ್ಭ ಬರುವುದು ಅಪರೂಪ.

## ಒಂದೆರಡು ಹೈಕ್ ಮಾಡಿದವರ ಪ್ರಶ್ನೆಗಳು

ಮಲೆನಾಡು ತಂಪಲ್ಲವೇ? ಸಾಗರ, ತೀರ್ಥಹಳ್ಳಿ ಕಡೆ ಹೋಗಬಹುದೇ?

ತಂಪು ನಿಜ. ಆದರೆ ಬೇಸಿಗೆ ಅಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗಿನ ಕಡಿತದಿಂದ ಹರಡುತ್ತದೆ, ಬೇಸಿಗೆಯ ಒಣ ತಿಂಗಳುಗಳಲ್ಲಿ ಮರಿ ಉಣುಗುಗಳು ತರಗೆಲೆಯ ಮೇಲೆ ತುಂಬಿರುತ್ತವೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡುಗಳಿಗೆ ಮಕ್ಕಳನ್ನು ಕರೆದೊಯ್ಯುವ ಮೊದಲು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೇಳಿ. ಆ ವರ್ಷ ಪ್ರಕರಣಗಳಿದ್ದರೆ, ಮಂಗಗಳು ಸತ್ತಿದ್ದರೆ, ಹೋಗಬೇಡಿ. ನನ್ನನ್ನು ಕೇಳಿದರೆ ಮಕ್ಕಳ ದಳಕ್ಕೆ ಮಲೆನಾಡು ಅಕ್ಟೋಬರ್ ದಸರಾ ರಜೆಯಲ್ಲೇ ಚೆಂದ.

ಯೋಜನೆ ಮಾಡುವುದು ನಾನೋ ಮಕ್ಕಳೋ?

ಮಕ್ಕಳು. ಎಲ್ಲಿಗೆ, ಯಾವಾಗ ವಾಪಸ್, ಯಾರು ಬರಬಾರದು ಎಂಬ ಮೂರನ್ನು ಮಾತ್ರ ನಾವು ಇಟ್ಟುಕೊಳ್ಳಬೇಕು. ನೀರಿನ ಲೆಕ್ಕ, ಊಟ, ಚೀಲದ ತಪಾಸಣೆ, ನಕ್ಷೆ, ದಿನಚರಿ ಎಲ್ಲವನ್ನೂ ಪಟ್ರೋಲ್ ಲೀಡರುಗಳು ತಮ್ಮದೇ ಸಭೆಯಾದ ಕೋರ್ಟ್ ಆಫ್ ಆನರ್‌ನಲ್ಲಿ ಹಂಚಿಕೊಳ್ಳಲಿ. ಹನ್ನೆರಡು ವರ್ಷದ ಹುಡುಗಿ ಎಂಟು ಜನರ ನೀರನ್ನು ಕೂಡಿ, ಹೊರುವ ಭಾರವನ್ನು ಹಂಚಿ, ಕಡಿಮೆ ತಂದವನನ್ನು ನಲ್ಲಿಯ ಹತ್ತಿರ ವಾಪಸ್ ಕಳಿಸುವುದನ್ನು ನೋಡಬೇಕು. ನಾವು ಹೇಳಿದ್ದರೆ ಅವನು ಗೊಣಗುತ್ತಿದ್ದ.

ತುದಿ ಕಾಣುತ್ತಿದೆ, ಹಿಂತಿರುಗುವ ಹೊತ್ತೂ ಆಗಿದೆ. ಇನ್ನು ಹತ್ತೇ ನಿಮಿಷ ಅಲ್ಲವೇ?

ಹಿಂತಿರುಗಿ. ಹತ್ತು ನಿಮಿಷ ಎನ್ನುವುದು ಇಪ್ಪತ್ತೈದಾಗುತ್ತದೆ, ತುದಿಯಲ್ಲಿ ಫೋಟೋಗೆ ಇನ್ನಿಪ್ಪತ್ತು, ಇಳಿಯುವಾಗ ಕಾದ ಬಂಡೆಯ ಮೇಲೆ ದಣಿದ ಮೊಣಕಾಲು. ಕಾಲು ಜಾರುವುದು ಹೆಚ್ಚಾಗಿ ಇಳಿಯುವಾಗಲೇ. ಹಿಂತಿರುಗುವ ಹೊತ್ತು ಎಂಟೂಕಾಲು ಎಂದರೆ ಎಂಟೂಕಾಲು ಎಂದು ಹೊರಡುವಾಗಲೇ ಎಲ್ಲರೆದುರು ಹೇಳಿ, ಆ ಗಡಿಯಾರವನ್ನು ಒಬ್ಬ ಪಟ್ರೋಲ್ ಲೀಡರ್ ಕೈಗೆ ಕಟ್ಟಿ. ಹೊತ್ತಾಯಿತು ಎಂದು ಅವನು ಕೂಗಿದಾಗ ಮೊದಲು ತಿರುಗಬೇಕಾದವರು ನೀವು.

ಎಣಿಸಿದಾಗ ಒಬ್ಬ ಕಡಿಮೆ ಬಂದರೆ?

ಇಡೀ ದಳ ಇದ್ದಲ್ಲೇ ಕೂರಬೇಕು. ಹುಡುಕಲು ಮಕ್ಕಳನ್ನು ಚದುರಿಸಿದರೆ ಒಬ್ಬನ ಬದಲು ಮೂವರು ಕಾಣೆಯಾಗುತ್ತಾರೆ. ಅವನ ಜೊತೆಗಾರನನ್ನು ಕೇಳಿ ಕೊನೆಯದಾಗಿ ಕಂಡ ಜಾಗ ಗುರುತಿಸಿ, ಇಬ್ಬರು ಹಿರಿಯರು ಬಂದ ದಾರಿಯಲ್ಲೇ ಸೀಟಿ ಊದುತ್ತಾ, ನಿಂತು ಕಿವಿಗೊಡುತ್ತಾ ಹೋಗಲಿ. ಬುಡದಲ್ಲಿರುವವರಿಗೆ ತಿಳಿಸಿ. ಅರ್ಧ ಗಂಟೆಯಲ್ಲಿ ಸಿಗದಿದ್ದರೆ 112 ಮತ್ತು ಅರಣ್ಯ ಸಿಬ್ಬಂದಿ. ಮರ್ಯಾದೆ ಹೋದೀತೆಂದು ತಡ ಮಾಡಬೇಡಿ. ಮಕ್ಕಳಿಗೆ ಮೊದಲೇ ಕಲಿಸಬೇಕಾದ್ದು ಇಷ್ಟು: ತಪ್ಪಿಸಿಕೊಂಡೆ ಎನಿಸಿದ ಕ್ಷಣ ನಿಲ್ಲು, ನೆರಳಿನಲ್ಲಿ ಕೂರು, ಸ್ಕಾರ್ಫನ್ನು ಎತ್ತರದ ಕೊಂಬೆಗೆ ಕಟ್ಟು, ನಿಮಿಷಕ್ಕೆ ಆರು ಸಲ ಸೀಟಿ ಊದು, ಒಂದು ನಿಮಿಷ ಸುಮ್ಮನಿರು, ಮತ್ತೆ ಊದು.

ಹತ್ತಿ ಇಳಿಯುವುದರ ಹೊರತಾಗಿ ಏನು ಕಲಿಸಬಹುದು?

ಬೇಸಿಗೆಯ ಕುರುಚಲು ಕಾಡು ಒಣಗಿದ್ದಲ್ಲ, ಹೂ ಬಿಡುವ ಕಾಡು. ಕಕ್ಕೆ ಹಳದಿಯ ಗೊಂಚಲು ಇಳಿಬಿಟ್ಟಿರುತ್ತದೆ, ಹೊಂಗೆ ಹೊಸ ಎಲೆಯಲ್ಲಿ ಮಿರುಗುತ್ತದೆ, ಮೇ ಹೊತ್ತಿಗೆ ಕವಳೆ ಹಣ್ಣಾಗುತ್ತದೆ. ಬಂಡೆಗುಡ್ಡಗಳನ್ನೇ ನಚ್ಚಿಕೊಂಡಿರುವ ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಹೊರಗೆ ಎಲ್ಲೂ ಇಲ್ಲ. ನಂದಿ, ಸಾವನದುರ್ಗದ ಕಡೆ ಬೆಳಗಿನ ಮೊದಲ ಗಂಟೆಯಲ್ಲಿ ಕಾಣಸಿಗುತ್ತದೆ. ಪ್ರತಿ ಪಟ್ರೋಲ್‌ಗೆ ಒಂದು ಪುಸ್ತಕ, ಒಂದು ಪೆನ್ಸಿಲ್ ಕೊಡಿ: ಕಂಡ ಹಕ್ಕಿ, ಮರ, ಹೆಜ್ಜೆಗುರುತು, ಹೊತ್ತು, ಜಾಗ. ಮುಂದಿನ ಹೈಕ್‌ನ ಸಭೆಯಲ್ಲಿ ಮೊದಲು ಓದುವುದು ಅದೇ ಪುಸ್ತಕ. ಯಾವ ತಿರುವಿನಲ್ಲಿ ನೆರಳಿತ್ತು, ಎಲ್ಲಿ ಹೆಜ್ಜೇನಿತ್ತು ಎಂಬುದೂ ಅದರಲ್ಲೇ ಇರುತ್ತದೆ.